ತಣ್ಣನೆ ಕೋಣೆಯ ತಟ್ಟೆಗಳು

ಲ್ಯಾಬಿನ ತೊಳೆಯೋ ಕೋಣೆಯಿಂದ,
ಗುರುವಾರ, ಹನ್ನೆರಡನೇ ತಾರೀಕು

ಪ್ರೀತಿಯ ಅಕ್ಕಾ,

ಮಂಡಿ ನೋವು ಹೇಗಿದೆ? ಚಿಕ್ಕಮ್ಮನ ಮನೇಲಿ ಮೆಟ್ಟಿಲೇ ಇಲ್ವಲ್ಲ, ಈಗ ಯಾರನ್ನ ಬೈಕೊಂಡು ಓಡಾಡ್ತೀಯ? ನೀನು ನಮ್ಮನೆಯಿಂದ ಹೋಗಿ ಮೂರು ತಿಂಗಳಾಯ್ತು. ನಾವೆಲ್ಲ ಈಗ ಗಟ್ಟಿಮುಟ್ಟಾಗಿದ್ದೀವಿ. ನನ್ನ ಹೊಟ್ಟೆ ಮಾತ್ರ ನನಗಿಂತ ಒಂದು ಹೆಜ್ಜೆ ಮುಂದೆ ನಡೀತಿದೆ.

ಸುದ್ದಿ ಕೇಳು. ನನ್ನ ಕೆಲಸ ಗೊತ್ತಲ್ಲ, ಗಾಜು ತೊಳೆಯೋದು, ಬ್ಯಾಕ್ಟೀರಿಯಾ ಬೆಳೆಸೋ ತಟ್ಟೆ ಜೋಡಿಸೋದು. ನಮ್ಮ ಮೇಡಂ ಬ್ಯಾಕ್ಟೀರಿಯಾದ ಒಂದೊಂದೇ ಜೀನ್ ಕಿತ್ತು, ಅದು ಬೆಳೆಯುತ್ತಾ ಸಾಯುತ್ತಾ ಅಂತ ನೋಡ್ತಾರೆ. ಜೀನ್ ಅಂದ್ರೆ ಆ ಹುಳದ ಮೈಯೊಳಗೆ ಕೆಲಸ ಹೇಳಿಕೊಡೋ ಬರಹವಂತೆ. ಕೆಲವನ್ನ ಕಿತ್ತರೆ ಅಲ್ಲೇ ಗೊಟಕ್. ಒಂದನ್ನ ಮಾತ್ರ ಕಿತ್ತರೂ ಹುಳ ಕ್ಯಾರೇ ಅನ್ನಲಿಲ್ಲ, ಸೊಂಪಾಗಿ ಬೆಳೀತು. "ಈ ಜೀನ್ ದಂಡಪಿಂಡ" ಅಂತ ಮೇಡಂ ಪಟ್ಟಿಯಿಂದ ಹೊಡೆದುಹಾಕೋದ್ರಲ್ಲಿದ್ರು.

ಅಷ್ಟರಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಬೆಚ್ಚಗಿನ ಪೆಟ್ಟಿಗೆಗೆ ಹೋಗಬೇಕಿದ್ದ ಒಂದು ಅಟ್ಟಿ ತಟ್ಟೇನ ತಣ್ಣನೆ ಕೋಣೇಲಿಟ್ಟು, ವಾಚ್‌ಮನ್ ಹತ್ರ ಹರಟೆ ಹೊಡೀತಾ ಮರೆತೇಬಿಟ್ಟೆ. ಐದು ದಿನ! ಕಂಡಾಗ ಕೆಲಸ ಹೋಯ್ತು ಅಂದ್ಕೊಂಡೆ. ಗುಟ್ಟಾಗಿ ತೊಳೆದುಬಿಡೋಣ ಅಂತ ಸೋಪುನೀರಿಗೆ ಕೈ ಹಾಕಿದ್ದೆ, ಆಗ ನಿನ್ನ ಮಾತು ನೆನಪಾಯ್ತು: "ಸುಳ್ಳು ತೊಳೆದಷ್ಟೂ ನಾರುತ್ತೆ ಕಣೋ." ಹೋಗಿ ಒಪ್ಕೊಂಡೆ.

ಮೇಡಂ ತಟ್ಟೇನ ಬೆಳಕಿಗೆ ಹಿಡಿದ್ರು. ಮಾಮೂಲಿ ಬ್ಯಾಕ್ಟೀರಿಯಾ ನಿಧಾನಕ್ಕಾದ್ರೂ ಬೆಳೆದಿತ್ತು, ಆ ದಂಡಪಿಂಡ ಜೀನ್ ಇಲ್ಲದ್ದರ ತಟ್ಟೆ ಮಾತ್ರ ಖಾಲಿ. "ನೋಡಿ ಅಣ್ಣಾ, ಬೆಚ್ಚಗಿದ್ದಾಗ ಇದು ಬೇಕು ಅಂತ ಗೊತ್ತೇ ಆಗಲ್ಲ. ಚಳೀಲಿ ಕಾಪಾಡೋದು ಇದೇ" ಅಂದ್ರು. ಆಮೇಲೆ ಬೇಕಂತಲೇ ಮೂರು ಸಲ ತಣ್ಣಗಿಟ್ಟು ನೋಡಿದ್ರು, ಮೂರು ಸಲಾನೂ ಅದೇ. ಎಲ್ಲರ ಮುಂದೆ ನನ್ನ ಕೈ ಕುಲುಕಿದ್ರು, ಸೋಪಿನ ನೊರೆ ಸಮೇತ! ಕೆಲಸ ಉಳಿದದ್ದು ನಿನ್ನ ಆ ಒಂದು ಮಾತಿಂದ. ನೀನು ಬೈದು ಬೈದು ಮನುಷ್ಯನ್ನ ಮಾಡಿದೆ, ನಾನು ಒಂದು ದಿನವೂ ಅದನ್ನ ಹೇಳಿರಲಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ. ನಿನ್ನ ಕೈ ನನ್ನ ತಲೆ ಮೇಲಿರಲಿ, ಮೊಟಕೋದಕ್ಕಾದ್ರೂ ಸರಿ.

ನಿನ್ನ ಬಾಯಿಬಡುಕ ತಮ್ಮ

ಮರೆತಿದ್ದೆ: ಆವತ್ತು ಊಟಕ್ಕೆ ಕೂತಾಗ ತಮಾಷೆಗೆ "ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ" ಅಂದೆನಲ್ಲ. ನೀನು ನಗ್ತಾನೇ ಮಾರನೇ ದಿನ ಚೀಲ ಕಟ್ಟಿದೆ. ಹೋದ ತಿಂಗಳು ನನ್ನ ಹೆಂಡತಿ ಜ್ವರದಲ್ಲಿ ಮಲಗಿದಾಗ ಔಷಧಿ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಮನೇಲಿದ್ದ ಡಬ್ಬ ಎಲ್ಲಾ ತಡಕಾಡಿದ್ವಿ. ತಪ್ಪಾಯ್ತು ಅಕ್ಕಾ. ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ, ಚೀಲ ನಾನೇ ಹೊರ್ತೀನಿ. ಮಂಡಿ ನೆಪ ಹೇಳಬೇಡ, ನಿನ್ನ ಮಂಚ ಕೆಳಗಿನ ಕೋಣೆಗೆ ಇಳಿಸಾಗಿದೆ.