ದೋಣಿ ಮೇಲೆ, ಟೆಂಟು ಕೆಳಗೆ

6 ಅಕ್ಟೋಬರ್, ಸೋಮವಾರ. ಸೀಗೆ ಹುಣ್ಣಿಮೆ. ತೆಂಗಿನಗುಂಡಿ.

ಅಮ್ಮನ ಮಾತು ಕಿವಿಯಿಂದ ಹೋಗುತ್ತಲೇ ಇಲ್ಲ.

ಹುಣ್ಣಿಮೆಗೆ ನೀರು ಏರುತ್ತದೆಂದು ಮಧ್ಯಾಹ್ನವೇ ನಮ್ಮ ದೋಣಿಯನ್ನು ತೆಂಗಿನ ಬುಡಕ್ಕೆ ಎಳೆದು ಕಟ್ಟಿದ್ದೆ. ಅಪ್ಪನ ಕಾಲದ ರೂಢಿ, ಯೋಚನೆಯೇ ಬೇಕಿಲ್ಲ. ಅದೇ ಕೈಯಿಂದ ಸಂಜೆ, ಧಾರವಾಡದಿಂದ ಬಂದ ಗಂಡ, ಹೆಂಡತಿ, ಮಗುವಿಗೆ ನೀರು ಇಳಿದು ತೆರೆದ ಮರಳಿನ ಮೇಲೆ ಬಾಡಿಗೆ ಟೆಂಟು ಹಾಕಿಕೊಟ್ಟೆ. ಸೊಳ್ಳೆಬತ್ತಿ, ಟಾರ್ಚು, ಇಬ್ಬನಿಗೆಂದು ಎರಡು ಹೆಚ್ಚಿನ ಕಂಬಳಿ, ಎಲ್ಲ ನೆನಪಾಯಿತು. ಏರುವ ನೀರೊಂದು ನೆನಪಾಗಲಿಲ್ಲ.

ಊಟ ಮುಗಿಸಿ ಅವರು ಮಲಗಿದ್ದರು. ಕುಡಿಯಲು ಬಿಸಿನೀರು ಕೊಡಲು ಹೋದ ಅಮ್ಮ ಕೂಗಿಕೊಂಡಳು. ನಾನು ಓಡುವಷ್ಟರಲ್ಲಿ ಟೆಂಟಿನೊಳಗೆ ಮೊಣಕಾಲಿನವರೆಗೆ ನೀರು. ಅವರ ಮಗು ನಮ್ಮಮ್ಮನ ಹೆಗಲ ಮೇಲಿತ್ತು.

"ಎಂತದೋ ನಿತ್ಯಾ, ದೋಣಿ ಮೇಲೆ ಎಳ್ದು ಮನ್ಷ್ರನ್ನ ಕೆಳ್ಗೆ ಮಲ್ಗ್ಸಿದ್ಯಾ?"

ಪುಣ್ಯಕ್ಕೆ ಅವರಿಗೆ ಅದು ಕೇಳಿಸಲಿಲ್ಲ. ಈಗ ಮೂವರೂ ನಮ್ಮ ಜಗಲಿಯಲ್ಲಿ ಮಲಗಿದ್ದಾರೆ. ಸಮಯಕ್ಕೆ ಬಂದು ಉಳಿಸಿದಿರಿ ಎಂದು ಮಗುವಿನ ಅಪ್ಪ ನನ್ನ ಕೈ ಹಿಡಿದುಕೊಂಡ. ನಾನು ಒಣ ಕಂಬಳಿ ತಂದು ಹಾಸಿಕೊಟ್ಟೆ.

ಬೆಳಿಗ್ಗೆ ದಂಡೆಗೆ ಬಂದರೆ ತೆಂಗಿನ ಬುಡದಲ್ಲಿ ಒಂದು ಹನಿಯೂ ತಾಗದ ದೋಣಿ ಅವನ ಕಣ್ಣಿಗೆ ಬೀಳುತ್ತದೆ, ನೀರು ಏರುವುದು ನನಗೆ ಗೊತ್ತಿತ್ತೆಂದು ತಿಳಿಯುತ್ತದೆ. ಅವನು ಏಳುವ ಮೊದಲೇ ಹೋಗಿ ಅದನ್ನು ನೀರಿಗೆ ಇಳಿಸಿಬಿಡಬೇಕು. ರಟ್ಟೆ ಸೋತಿದೆ, ಆದರೂ ಈಗಲೇ ಹೋಗುತ್ತೇನೆ.