ಕಪ್ಪುಕುಳಿಯ ಪರ ನಿಂತವಳು

ಕೊಯಮತ್ತೂರು
೨-೩-೧೯೮೮

ವಾರಿಜಾಕ್ಷಿ,

ನೀನು ತೀರಿಕೊಂಡು ವರ್ಷವಾಯಿತು. ನಿನಗೆ ಕನ್ನಡ ಲಿಪಿಯನ್ನು ನಾನು ಕಲಿಸಲಿಲ್ಲ. ನೀನು ಇದ್ದಿದ್ದರೂ ಈ ಪತ್ರವನ್ನು ಓದಲಾಗುತ್ತಿರಲಿಲ್ಲ.

ಇಂದು ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಬಹುದೂರದಲ್ಲಿದ್ದೂ ನಕ್ಷತ್ರದಂತೆ ಕಾಣುವ ಕ್ವೇಸಾರ್‌ಗಳಿಗೆ ಅಷ್ಟು ಪ್ರಖರವಾದ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ವಿಷಯ. ತೊಂಡಾಮುತ್ತೂರಿನ ನೇಕಾರರ ಮಗಳು ಪಂಕಜಂ, ಅದಕ್ಕೆ ಕಪ್ಪುಕುಳಿಯೇ ಕಾರಣವೆಂದು ವಾದಿಸಿದಳು. ಬೆಳಕನ್ನೇ ನುಂಗುವುದು ಬೆಳಕು ಕೊಡುವುದು ಹೇಗೆಂದು ಎದುರಾಳಿ ಕೇಳಿದಾಗ ಸಭೆ ನಕ್ಕಿತು. ಒಮ್ಮೆ ಊಟಕ್ಕೆ ಕುಳಿತಾಗ ನೀನೂ ಕಪ್ಪುಕುಳಿಯ ಪರ ವಾದಿಸಿದ್ದೆ; ನಾನು ನಿನಗೆ ಹಾಕಿದ ಪ್ರಶ್ನೆಯೂ ಅದೇ. ನೀನು ಉತ್ತರಿಸುವ ಮೊದಲೇ ನಾನು ಗಂಟೆಯಂತೆ ಲೋಟವನ್ನು ತಟ್ಟಿ, "ಟೈಮ್ ಆಯ್ತು, ನಿಲ್ಸು" ಎಂದಿದ್ದೆ. ಮರುವಾರ ನಿನಗೆ ಕಾಮಾಲೆ ಬಂತು.

ಪಂಕಜಂಳ ಸಮಯವೂ ಮುಗಿದಿತ್ತು. ಗಂಟೆ ನನ್ನ ಕೈಕೆಳಗಿದ್ದರೂ ಬಾರಿಸಲಿಲ್ಲ. ಕುಳಿಯೊಳಗೆ ಬೀಳುವ ಮೊದಲು ಅನಿಲವು ಸುತ್ತುತ್ತ, ತನಗೆ ತಾನೇ ಉಜ್ಜಿಕೊಂಡು ಬಿಸಿಯೇರಿ ಹೊಳೆಯುತ್ತದೆ. ಆ ಬೆಳಕು ಕುಳಿಯ ಹೊರಗಿನದು ಎಂದಳು. ಅಷ್ಟು ಚಿಕ್ಕ ಜಾಗದಿಂದ ಅಷ್ಟು ಬೆಳಕನ್ನು ನಕ್ಷತ್ರಗಳು ಕೊಡಲಾರವು ಎಂದು ಅವಳು ಪೂರ್ತಿ ಹೇಳಿ ಮುಗಿಸಿದಳು. ಎದುರು ತಂಡ ಆಕ್ಷೇಪಿಸಿತು. ಸಮಯ ಮೀರಿದವರಿಗೆ ಬಹುಮಾನವಿಲ್ಲವೆಂಬುದು ನಿಯಮ. ಅವಳ ಹೆಸರನ್ನು ನಾನೇ ಹೊಡೆದುಹಾಕಿದೆ.

ಅವಳು ವರಾಂಡದಲ್ಲಿ ನನ್ನನ್ನು ತಡೆದು, ನಮ್ಮ ಮನೆಮಾತಾದ ಕನ್ನಡದಲ್ಲೇ ಕೇಳಿದಳು: "ಬೆಲ್ ಹೊಡ್ದಿದ್ರೆ ನಿಲ್ಲಿಸ್ಬಿಡ್ತಿದ್ದೆ, ಐಯಾ. ಯಾಕೆ ಹೊಡೀಲಿಲ್ಲ?"

ನಾನು ಅಂಕಪಟ್ಟಿಯನ್ನು ಮಡಚಿ ಜೇಬಿಗೆ ಸೇರಿಸಿದೆ.

"ಹೋಗ್ಲಿ, ನಾನು ಹೇಳಿದ್ದು ಸರಿಯಾ? ಅದನ್ನಾದ್ರೂ ಹೇಳಿ."

"ಸರಿ, ಕಣ್ಣು," ಎಂದೆ, ಇಲ್ಲಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ.

ನಿನ್ನನ್ನು ನಾನು ಒಮ್ಮೆಯೂ ಹಾಗೆ ಕರೆದಿರಲಿಲ್ಲ.

ಅಪ್ಪ