ತಾಯವ್ವನ ಮನೆಯ ನೀರು

ಮನೋಳಿ
ಶುಕ್ರವಾರ, ೧೪ ಜೂನ್ ೨೦೨೪

ಗೆಳತಿ ನೀಲಾ,

ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳೆಂದು ಇನ್ನೂ ಗೆಳತಿ ಎನ್ನುತ್ತಿದ್ದೇನೆ. ನಮ್ಮ ಕೇರಿಗೆ ಬರಲಾಗದೆ ನೀನು ಕಳಿಸಿದ ಪತ್ರ ತಲುಪಿತು. ನಿನ್ನ ಮೈದುನ ಸುಭಾಸನಿಗೆ ಹೆಣ್ಣು ಕೊಡಲು ಸವದತ್ತಿಯಿಂದ ಬಂದವರು ನಿಮ್ಮ ಮನೆಯ ನೀರು ಮುಟ್ಟದೆ ಎದ್ದು ಹೋದರಂತೆ. ಓದಿ ಸಂಕಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ತಣ್ಣಗಾಯಿತು.

ನೀರು ಸಮಿತಿಯಿಂದ ನಾನು ಪರೀಕ್ಷೆಗೆ ಬಂದ ದಿನ ನಡೆದದ್ದನ್ನು ನೀನು ಬರೆದಿಲ್ಲ. ನಾನೇ ಬರೆಯುತ್ತೇನೆ. ಪರೀಕ್ಷೆಯ ಬಾಟಲಿಗೆ ನಳದಿಂದಲೇ, ನಾನೇ ನೀರು ಹಿಡಿಯಬೇಕೆಂಬುದು ನಿಯಮ. ನಿನ್ನತ್ತೆ ತಾಯವ್ವ ಹೊಸ್ತಿಲಲ್ಲೇ ತಡೆದಳು. “ನೀ ನಳಾ ಮುಟ್ಟಬ್ಯಾಡ. ಬಾಟ್ಲಿ ಕೆಳಗ ಇಡು, ನಾನ ತುಂಬಿ ಕೊಡತೇನಿ” ಅಂದಳು. ಕೊಡದೊಳಗೆ ಮೊಣಕೈವರೆಗೆ ಕೈ ಅದ್ದಿ ಚರಗಿಯಲ್ಲಿ ಮೊಗೆದು ಬಾಟಲಿ ತುಂಬಿದ್ದು ಬಾಗಿಲಿಂದಲೇ ನನಗೆ ಕಾಣುತ್ತಿತ್ತು. ನೀನು ಜೋಳ ಹಸನು ಮಾಡುತ್ತಿದ್ದೆ, ತಲೆ ಎತ್ತಲಿಲ್ಲ. ಆ ನೀರನ್ನು ಅಲ್ಲೇ ಚೆಲ್ಲಬಹುದಿತ್ತು. ಚೆಲ್ಲದೆ ತಂದೆ.

ಹೊಲಸು ನೀರಿದ್ದರೆ ಒಳಗಿನ ಔಷಧಿಯಿಂದ ಬಾಟಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಮನೆಯವರ ಹೆಸರು ಅಂಟಿಸಿ ಬಾಟಲಿಗಳನ್ನು ಪಂಚಾಯಿತಿ ಕಟ್ಟೆಯ ಮೇಲೆ ಸಾಲಾಗಿ ಇಡುವುದು ನಮ್ಮ ಸಮಿತಿಯ ರೂಢಿ. ಈ ಸಲ ಕಪ್ಪಾದದ್ದು ನಿಮ್ಮದೊಂದೇ. ಸವದತ್ತಿಯವರು ಕಂಡದ್ದೂ ಅದನ್ನೇ. ಸಭೆಯಲ್ಲಿ ಹೆಸರು ಓದಿದವಳು ನಾನು, ಜೋರಾಗಿಯೇ ಓದಿದೆ. ನನ್ನವ್ವ ಕೃಷ್ಣವ್ವ ನಿಮ್ಮ ಹೊಲದಲ್ಲಿ ಕಳೆ ತೆಗೆದು, ಬೊಗಸೆಯೊಡ್ಡಿ, ತಾಯವ್ವ ಮೇಲಿಂದ ಹೊಯ್ದ ನೀರು ಕುಡಿದು ಮುದುಕಿಯಾದವಳು. ಮೊನ್ನೆ ನಿಮ್ಮ ನೀರು ಒಲ್ಲೆ ಎಂದು ಹೇಳಿ ಬಂದಳಂತೆ. ಮನೆಗೆ ಬಂದು ಎಷ್ಟೋ ಹೊತ್ತು ನಕ್ಕಳು.

“ಬಾಟಲಿ ಅದಲುಬದಲಾಯಿತೆಂದು ಸಭೆಯಲ್ಲಿ ಹೇಳು, ಹಳೆಯ ಸಲುಗೆಯಿಂದ ಕೇಳುತ್ತಿದ್ದೇನೆ” ಎಂದು ಬರೆದಿದ್ದೀಯ. ಸುಳ್ಳು ಹೇಳಲಾರೆ, ಮರುಪರೀಕ್ಷೆ ಮಾಡುತ್ತೇನೆ. ಸೋಮವಾರ ಮುಂಜಾನೆ ಬರುತ್ತೇನೆ. ಒಳಗೆ ಬಂದು ನಳವನ್ನು ನಾನೇ ತಿರುಗಿಸುತ್ತೇನೆ, ತಾಯವ್ವ ನೋಡುತ್ತ ನಿಲ್ಲಲಿ. ಒಪ್ಪದಿದ್ದರೆ ಕಪ್ಪು ಬಾಟಲಿ ಕಟ್ಟೆಯ ಮೇಲೇ ಇರುತ್ತದೆ.

ನಿನ್ನ ಬೆಂಚಿನವಳು,
ಮಾಲಾ

ತಾ.ಕ.: ನಿಮ್ಮ ಪಕ್ಕದ ಇಸ್ಮಾಯಿಲಸಾಬರ ಮನೆಗೂ ಅದೇ ಪೈಪಿನ ನೀರು. ಅಲ್ಲಿ ನಾನೇ ನಳ ಮುಟ್ಟಿ ಹಿಡಿದೆ, ಬಾಟಲಿಯ ಬಣ್ಣ ಬದಲಾಗಲಿಲ್ಲ. ನಿಮ್ಮ ನಳದ ನೀರೂ ಒಳ್ಳೆಯದೇ ಬರುತ್ತದೆ, ನೋಡು. ಕಟ್ಟೆಯ ಮೇಲೆ ನಿಮ್ಮ ಹಳೆಯ ಕಪ್ಪು ಬಾಟಲಿ, ಸೋಮವಾರದ ಹೊಸದು, ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಯಾವುದನ್ನು ಯಾರ ಕೈ ತುಂಬಿತು ಎಂಬುದನ್ನೂ ತುಂಬಿದ ಸಭೆಯಲ್ಲಿ ಹೆಸರು ಹಿಡಿದು ಓದುತ್ತೇನೆ.